ಸಂಪಾದಕರ ಮಾತು: ಮಾನ್ಯುಮೆಂಟ್, ಹೆರಿಟೇಜ್ ಮತ್ತು ಹಂಪಿ ಬಜಾರು

ಹಂಪಿ ಉತ್ಸವದ ಪುರವಣಿಗಳೂ ಪ್ರವಾಸಿ ಕೈಪಿಡಿಗಳೂ ‘ಮಾನ್ಯುಮೆಂಟ್’ ಮತ್ತು ‘ಹೆರಿಟೇಜ್’ ಎಂಬ ಎರಡು ಇಂಗ್ಲಿಷ್ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತ ಬಂದಿವೆ. ಈ ಗೊಂದಲಕ್ಕೆ ಬೆಲೆ ತೆತ್ತವರು 2011ರ ಜುಲೈ ಕೊನೆಯಲ್ಲಿ ಮನೆ, ಅಂಗಡಿ ಕಳೆದುಕೊಂಡ ಹಂಪಿ ಬಜಾರಿನ ಜನ.

ಮೊದಲ ಪದದ ಬೇರು ‘ನೆನಪಿಸು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದಲ್ಲಿರುವುದರಿಂದ ‘ಸ್ಮಾರಕ’ ಎಂಬ ಶಬ್ದ ಅದಕ್ಕೆ ಸರಿಯಾಗಿ ಒಪ್ಪುತ್ತದೆ. ಕಟ್ಟಿದವರು ಕಾಲವಾದ ಮೇಲೆ ಉಳಿದು, ಅವರನ್ನು ನೆನಪಿಗೆ ತರುವ ಕಲ್ಲು, ಕಟ್ಟಡ, ಶಾಸನಗಳೆಲ್ಲ ಸ್ಮಾರಕಗಳೇ. ಎರಡನೆಯದರ ಮೂಲದಲ್ಲಿ ವಾರಸುದಾರನಿದ್ದಾನೆ. ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದು ಇಂದಿಗೂ ಬಳಕೆಯಲ್ಲಿರುವ ಸ್ವತ್ತು ಪರಂಪರೆ ಎನಿಸುವುದರಿಂದ, ವಾರಸುದಾರರನ್ನು ಹೊರಗಿಟ್ಟು ಅದನ್ನು ಉಳಿಸಲು ಬರುವುದಿಲ್ಲ. 1958ರ ಕೇಂದ್ರ ಕಾಯಿದೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಟ್ಟಡ, ಶಾಸನ, ಗುಹೆಗಳಂಥವುಗಳನ್ನು ಪ್ರಾಚೀನ ಸ್ಮಾರಕ ಎಂದು ಕರೆಯಿತು. 1986ರಲ್ಲಿ ಯುನೆಸ್ಕೊ ಹಂಪಿಯನ್ನು ಸೇರಿಸಿಕೊಂಡ ಪಟ್ಟಿಯ ಹೆಸರು ವಿಶ್ವ ಪರಂಪರೆಯದು, ಪಟ್ಟಿಯೊಳಗೆ ಹಂಪಿಗೆ ಕೊಟ್ಟ ಹೆಸರು ಸ್ಮಾರಕಗಳ ಸಮೂಹದ್ದು. ಹಂಪಿಯ ನಿರ್ವಹಣೆಗೆಂದು 2002ರ ಕಾಯಿದೆಯ ಪ್ರಕಾರ ರಚನೆಯಾದ ಪ್ರಾಧಿಕಾರವೂ ಪರಂಪರೆಯ ಹೆಸರನ್ನೇ ಹೊತ್ತಿದೆ.

ಹೆಸರಿಗೆ ತಕ್ಕ ನಡೆ ಮಾತ್ರ ಕಾಣಲಿಲ್ಲ. ವಿರೂಪಾಕ್ಷ ಗುಡಿಯ ಎದುರಿನ ಹಂಪಿ ಬಜಾರಿನ ಸಾಲುಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಜನ ವಾಸವಾಗಿದ್ದದ್ದೂ, ಅದರಿಂದ ಕಲ್ಲಿಗೆ ಹಾನಿಯಾದದ್ದೂ ನಿಜ. ಗೋಡೆ ತೆಗೆಸಿ ಬಜಾರನ್ನು ಉಳಿಸುವ ದಾರಿಯೂ ಇತ್ತು. ಆಡಳಿತವು ಅಲ್ಲಿದ್ದವರೆಲ್ಲರನ್ನೂ ಒತ್ತುವರಿದಾರರೆಂದು ಕರೆದು ಎಬ್ಬಿಸಿತು, ಪುನರ್ವಸತಿಗೆ ಕಡ್ಡಿರಾಂಪುರವನ್ನು ತೋರಿಸಿತು. ಚೈತ್ರದ ಜೋಡಿ ರಥೋತ್ಸವಕ್ಕೂ ಫಲಪೂಜೆಗೂ ಕಂಪ್ಲಿ, ಎಮ್ಮಿಗನೂರು, ಸಂಡೂರಿನ ಕಡೆಯಿಂದ ಬರುವ ಭಕ್ತರಿಗೆ ಕಾಯಿ, ಕುಂಕುಮ, ಊಟ ಒದಗಿಸುತ್ತಿದ್ದ ಬೀದಿ ಪೋರ್ಚುಗೀಸ್ ಪ್ರವಾಸಿ ಪೇಸ್ ಬಂದ 16ನೆಯ ಶತಮಾನದಲ್ಲಿಯೂ ಜನವಸತಿಯ ಬೀದಿಯೇ ಆಗಿತ್ತೆಂಬುದನ್ನು ಸಂರಕ್ಷಣೆಯ ವಕ್ತಾರರು ಮರೆತರು. ಜನರನ್ನು ತೆರವು ಮಾಡಿಸಿ ಕಾಯ್ದುಕೊಂಡ ಆ ಸಾಲುಮಂಟಪದ ಒಂದು ಭಾಗ 2024ರ ಮೇ ತಿಂಗಳ ಮಳೆಗೆ ನೆಲಕ್ಕುರುಳಿತು.

ಪರಂಪರೆ ಹೇಗೆ ಉಳಿಯುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ, ಕಂಪ್ಲಿ ಕಾಲುವೆಗಳಲ್ಲಿ ತುಂಗಭದ್ರೆಯ ನೀರು ಇಂದಿಗೂ ಹರಿಯುತ್ತದೆ. ತೂಬು ಎತ್ತಿದರೆ ಕಮಲಾಪುರದ ಬಾಳೆ ತೋಟ ತೊಯ್ಯುತ್ತದೆ, ಹೂಳು ತುಂಬಿದರೆ ರೈತ ದನಿ ಎತ್ತುತ್ತಾನೆ. ಇದೇ ಕಾಲುವೆಯನ್ನು ಬರೀ ಮಾನ್ಯುಮೆಂಟ್ ಎಂದು ಬಗೆದು ಬೇಲಿ ಹಾಕಿದ್ದರೆ ಅದು ಎಂದೋ ಮುಚ್ಚಿಹೋಗುತ್ತಿತ್ತು. ಆದ್ದರಿಂದ ಹಂಪಿಯ ನಿರ್ವಹಣೆಯ ಯಾವ ಯೋಜನೆಯಾದರೂ ಗದ್ದೆಯವರನ್ನೂ ಕಡ್ಡಿರಾಂಪುರಕ್ಕೆ ಹೋದವರನ್ನೂ ಕೂರಿಸಿಕೊಂಡೇ ತಯಾರಾಗಬೇಕು, ಬಜಾರಿನಲ್ಲಿ ವ್ಯಾಪಾರದ ಹಕ್ಕು ಅವರಿಗೆ ಮರಳಬೇಕು ಎಂಬುದು ಈ ಪತ್ರಿಕೆಯ ನಿಲುವು.