ಜೊತೆಗಿದ್ದದ್ದೆಲ್ಲ ಕಾರಣವಲ್ಲ

ಕನ್ನಡದಲ್ಲಿ ‘ಸರ್ಪಸುತ್ತು’ ಎನಿಸಿಕೊಳ್ಳುವ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ‘ಹರ್ಪಿಸ್ ಜೋಸ್ಟರ್’ ಎಂದು ಹೆಸರು. ಹರ್ಪಿಸ್ ಎಂಬುದು ‘ತೆವಳು’ ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ಪದ. ಸಂಸ್ಕೃತದ ‘ಸರ್ಪ’ ಶಬ್ದವೂ ಅದೇ ಮೂಲದ್ದು. ಜೋಸ್ಟರ್ ಎಂದರೆ ನಡುಪಟ್ಟಿ. ಮರಾಠಿಯಲ್ಲಿ ಇದೇ ಕಾಯಿಲೆ ‘ನಾಗೀಣ’. ನಾಡು ಬೇರೆ, ಭಾಷೆ ಬೇರೆ. ಕಣ್ಣಿಗೆ ಬಿದ್ದದ್ದು ಒಂದೇ: ಮೈಯ ಒಂದು ಪಕ್ಕದಲ್ಲಿ ಹಾವಿನಂತೆ ಸಾಲುಗಟ್ಟಿ ಏಳುವ ಬೊಕ್ಕೆಗಳು.

ಕಂಡದ್ದು ಸತ್ಯ. ಅದಕ್ಕೆ ಹೇಳಿದ ಕಾರಣ ಸತ್ಯವಲ್ಲ. ಸರ್ಪದೋಷದಿಂದ ಇದು ಬರುವುದಿಲ್ಲ. ಹಾವಿನ ತಲೆ ಬಾಲ ಕೂಡಿದರೆ ಸಾವು ಎಂಬ ನಂಬಿಕೆಗೂ ಆಧಾರವಿಲ್ಲ. ಎಂದೋ ಬಂದು ಹೋದ ಸೀತಾಳೆ ಸಿಡುಬಿನ ವೈರಾಣು ದೇಹವನ್ನು ಬಿಟ್ಟು ಹೋಗಿರುವುದಿಲ್ಲ. ಅದು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಮಲಗಿರುತ್ತದೆ. ವಯಸ್ಸಿನಿಂದಲೋ ಬೇರೆ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಂದಿದಾಗ ಎಚ್ಚೆತ್ತು ಒಂದು ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಆ ನರ ಮೈಯ ಒಂದೇ ಪಕ್ಕಕ್ಕೆ ಸೇರಿದ್ದರಿಂದ ಬೊಕ್ಕೆಗಳು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ. ನೋಟ ಸರಿಯಿದ್ದೂ ಕಾರಣ ತಪ್ಪಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇದೇ ಎಚ್ಚರ ಇಂದಿನ ಜೀವವಿಜ್ಞಾನದ ಒಂದು ಕುತೂಹಲಕರ ಸಂಗತಿಗೂ ಅಗತ್ಯವಾಗಿದೆ. ಮನುಷ್ಯನ ದೇಹದಲ್ಲಿ ಮಲಗಿರುವ ವೈರಾಣುಗಳು ಎರಡು ಬಗೆಯವು. ಒಂದು, ಹುಟ್ಟಿದ ಮೇಲೆ ಸೋಂಕಿನಿಂದ ಬಂದು ನೆಲೆಸಿದ ಹರ್ಪಿಸ್ ಕುಲದವು. ಇನ್ನೊಂದು, ಹುಟ್ಟಿನೊಂದಿಗೇ ಬಂದವು. ಕೋಟ್ಯಂತರ ವರ್ಷಗಳ ಹಿಂದೆ ಮನುಷ್ಯನ ಪೂರ್ವಜ ಪ್ರಾಣಿಗಳಿಗೆ ತಗಲಿದ ರೆಟ್ರೊವೈರಸ್‌ಗಳು ತಮ್ಮ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬದಲಿಸಿ, ಅಂಡಾಣು ವೀರ್ಯಾಣುಗಳ ಮೂಲಕೋಶಗಳ ವರ್ಣತಂತುಗಳಲ್ಲಿ ಸೇರಿಕೊಂಡವು. ಅಲ್ಲಿಂದ ತಲೆಮಾರಿನಿಂದ ತಲೆಮಾರಿಗೆ ಪಿತ್ರಾರ್ಜಿತವಾಗಿ ಇಳಿದು ಬಂದವು. ಮಾನವ ಡಿಎನ್‌ಎಯ ಸುಮಾರು 8 ಪ್ರತಿಶತ ಇಂಥ ಅವಶೇಷಗಳಿಂದ ಕೂಡಿದೆ. ಪ್ರೋಟೀನನ್ನು ರೂಪಿಸುವ ಭಾಗವಾದರೋ 2 ಪ್ರತಿಶತವನ್ನೂ ಮುಟ್ಟುವುದಿಲ್ಲ.

ಈ ಅವಶೇಷಗಳನ್ನು ಬಹುಕಾಲ ‘ಕಸ’ವೆಂದು ಕರೆಯಲಾಯಿತು. ಅದು ಅವಸರದ ಹೆಸರು. ಹೆಚ್ಚಿನವು ಮುರಿದು ಹೋದ ತುಣುಕುಗಳೆಂಬುದು ದಿಟ. ಜೀವಕೋಶವೂ ರಾಸಾಯನಿಕ ಮುದ್ರೆಯೊತ್ತಿ ಅವುಗಳ ಬಾಯಿ ಕಟ್ಟಿಟ್ಟಿದೆ. ಆದರೂ ಕೆಲವು ಕೆಲಸಕ್ಕೆ ಬಂದಿವೆ. ಗರ್ಭದಲ್ಲಿ ಮಾಸು ರೂಪುಗೊಳ್ಳುವಾಗ ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಸಿನ್ಸಿಟಿನ್-1 ಎಂಬ ಪ್ರೋಟೀನು ಹಿಂದೊಮ್ಮೆ ವೈರಾಣುವೊಂದರ ಹೊರಕವಚದ ಪ್ರೋಟೀನಾಗಿತ್ತು. ಇದು 2000ದಲ್ಲಿ ಪ್ರಕಟವಾದ ಸಂಗತಿ. ಕೋಶ ಕೋಶವನ್ನು ಹೊಕ್ಕುವ ವೈರಾಣುವಿನ ಕೌಶಲವೇ ತಾಯಿ ಮಗುವಿನ ನಡುವಣ ಪೋಷಣೆಯ ಸೇತುವಾಯಿತು. ‘ಕಸ’ ಎಂದವರಿಗೂ ‘ಶತ್ರು’ ಎಂದವರಿಗೂ ಇದು ಏಕಕಾಲದಲ್ಲಿ ಉತ್ತರ.

ಈಗ ವಿವಾದದ ಭಾಗಕ್ಕೆ ಬರಬೇಕು. ಹರ್ಪಿಸ್ ಕುಲದ ಎಪ್‌ಸ್ಟೈನ್–ಬಾರ್ ವೈರಾಣುವನ್ನು 1964ರಲ್ಲಿ ಆಂಥನಿ ಎಪ್‌ಸ್ಟೈನ್, ಇವಾನ್ ಬಾರ್ ಮತ್ತು ಬರ್ಟ್ ಅಚಾಂಗ್ ಗುರುತಿಸಿದರು. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಅದು ಬಿಳಿರಕ್ತಕಣಗಳ ಒಂದು ವರ್ಗವಾದ ಬಿ-ಕೋಶಗಳಲ್ಲಿ ಸುಪ್ತವಾಗಿದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ತೋರಿಸಿದ ವಿಷಯ ಇದು: ಈ ವೈರಾಣು ಹೊಕ್ಕ ಬಿ-ಕೋಶಗಳಲ್ಲಿ ಎಚ್‌ಇಆರ್‌ವಿ-ಕೆ18 ಎಂಬ ಪುರಾತನ ವೈರಾಣುವಿನ ವಂಶವಾಹಿ ಬಾಯಿ ಬಿಡುತ್ತದೆ. ಅದರಿಂದ ಹುಟ್ಟುವ ಪ್ರೋಟೀನು ರೋಗನಿರೋಧಕ ಟಿ-ಕೋಶಗಳ ಒಂದು ದೊಡ್ಡ ಗುಂಪನ್ನೇ ಒಮ್ಮೆಗೆ ಕೆರಳಿಸಬಲ್ಲದು. ಬಾಯಿಹುಣ್ಣಿನ ಹರ್ಪಿಸ್ ಸಿಂಪ್ಲೆಕ್ಸ್ ಕೂಡ ಪ್ರಯೋಗಾಲಯದ ಕೋಶಗಳಲ್ಲಿ ಎಚ್‌ಇಆರ್‌ವಿ-ಡಬ್ಲ್ಯೂ ಎಂಬ ಇನ್ನೊಂದು ಕುಟುಂಬವನ್ನು ಎಬ್ಬಿಸುತ್ತದೆ. ಒಬ್ಬ ಸುಪ್ತ ನಿವಾಸಿ ಇನ್ನೊಬ್ಬನನ್ನು ಎಚ್ಚರಿಸುತ್ತಾನೆ. ಇಷ್ಟರ ಮಟ್ಟಿಗೆ ಪುರಾವೆ ಗಟ್ಟಿಯಾಗಿದೆ.

ಆದರೆ ಸುದ್ದಿ ಇಲ್ಲಿಗೆ ನಿಲ್ಲುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆ ತನ್ನದೇ ನರಗಳ ಮಯಲಿನ್ ಹೊದಿಕೆಯನ್ನು ಹರಿದು ಹಾಕುತ್ತದೆ. ಇಂಥ ರೋಗಿಗಳ ಮಿದುಳಿನಲ್ಲಿ, ರಕ್ತದಲ್ಲಿ ಎಚ್‌ಇಆರ್‌ವಿ-ಡಬ್ಲ್ಯೂ ಚಟುವಟಿಕೆ ಕಂಡುಬಂದಿದೆ. ಅಷ್ಟರಿಂದಲೇ ‘ಪುರಾತನ ವೈರಾಣುವೇ ರೋಗಕ್ಕೆ ಕಾರಣ’ ಎಂಬ ತೀರ್ಮಾನಕ್ಕೆ ಜಿಗಿಯುವವರಿದ್ದಾರೆ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಕಾಗೆಯೇ ಬೀಳಿಸಿತೆಂದು ಹೇಳುವ ಮುನ್ನ ತೊಟ್ಟು ಮೊದಲೇ ಸಡಿಲವಾಗಿತ್ತೇ ಎಂದು ನೋಡಬೇಕು. ಉರಿಯೂತ ಎದ್ದ ಕೋಶಗಳಲ್ಲಿ ರಾಸಾಯನಿಕ ಮುದ್ರೆಗಳು ಸಡಿಲಗೊಳ್ಳಬಹುದು. ಆಗ ಪುರಾತನ ವಂಶವಾಹಿಗಳ ಸದ್ದು ರೋಗದ ಕಾರಣವಾಗಿರದೆ ರೋಗದ ಹೊಗೆಯಾಗಿರಬಹುದು.

ಕಾರಣವೆಂದು ಹೇಳಲು ಎಂಥ ಪುರಾವೆ ಬೇಕೆಂಬುದನ್ನು 2022ರ ಅಧ್ಯಯನವೊಂದು ತೋರಿಸಿಕೊಟ್ಟಿತು. ಹಾರ್ವರ್ಡ್‌ನ ಸಂಶೋಧಕರು ಅಮೆರಿಕದ ಸೇನೆಯ ಒಂದು ಕೋಟಿಗೂ ಹೆಚ್ಚು ಮಂದಿಯ ದಾಖಲೆಗಳನ್ನು ಎರಡು ದಶಕಗಳ ಅವಧಿಗೆ ಪರಿಶೀಲಿಸಿದರು. ಅವರಲ್ಲಿ 955 ಮಂದಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದಿತ್ತು. ಕೂಡಿಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ, ಎಪ್‌ಸ್ಟೈನ್–ಬಾರ್ ಸೋಂಕಿನ ನಂತರ ಈ ರೋಗದ ಸಂಭವ 32 ಪಟ್ಟು ಏರಿದ್ದು ಕಂಡಿತು. ಅದೇ ಕುಲದ ಸೈಟೊಮೆಗಲೊ ವೈರಾಣುವಿನ ಸೋಂಕಿನಿಂದ ಅಂಥ ಏರಿಕೆ ಆಗಲಿಲ್ಲ. ನರಹಾನಿಯ ಗುರುತು ಕೂಡ ಸೋಂಕಿನ ಅನಂತರವೇ ರಕ್ತದಲ್ಲಿ ಹೆಚ್ಚಿತು. ಯಾವುದು ಮೊದಲು, ಯಾವುದು ಅನಂತರ ಎಂಬ ಕಾಲಕ್ರಮ ಇಲ್ಲಿ ಕೈಗೆ ಸಿಕ್ಕಿದೆ. ಪುರಾತನ ವೈರಾಣುಗಳ ವಿಷಯದಲ್ಲಿ ಅಂಥ ಕಾಲಕ್ರಮ ಇನ್ನೂ ಸಿಕ್ಕಿಲ್ಲ.

ಪರ್ಯಾಯ ವಿವರಣೆಯೂ ಇದೆ. ಎಪ್‌ಸ್ಟೈನ್–ಬಾರ್ ವೈರಾಣುವಿನ ಒಂದು ಪ್ರೋಟೀನಿಗೂ ನರವ್ಯೂಹದ ಗ್ಲಿಯಲ್‌ಕ್ಯಾಮ್ ಎಂಬ ಪ್ರೋಟೀನಿಗೂ ಹೋಲಿಕೆಯಿರುವುದರಿಂದ, ಒಂದನ್ನು ಹೊಡೆಯಲು ಹುಟ್ಟಿದ ಪ್ರತಿಕಾಯ ಇನ್ನೊಂದನ್ನೂ ಹಿಡಿಯುತ್ತದೆಂದು 2022ರಲ್ಲೇ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು ತೋರಿಸಿದರು. ಈ ದಾರಿಯಲ್ಲಿ ಪುರಾತನ ವೈರಾಣುವಿನ ಮಧ್ಯಸ್ಥಿಕೆಯ ಅಗತ್ಯವಿಲ್ಲ. ಎಚ್‌ಇಆರ್‌ವಿ-ಡಬ್ಲ್ಯೂ ಪ್ರೋಟೀನನ್ನೇ ಗುರಿಯಾಗಿಸಿದ ಟೆಮೆಲಿಮ್ಯಾಬ್ ಎಂಬ ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸಿದಾಗ ಹೊಸ ಉರಿಯೂತವನ್ನು ತಗ್ಗಿಸುವ ಮುಖ್ಯ ಗುರಿ ಈಡೇರಲಿಲ್ಲ. ಮಿದುಳಿನ ಹಾನಿ ನಿಧಾನಿಸಿತೆಂಬ ಸೂಚನೆ ಮಾತ್ರ ದೊರೆಯಿತು. ಬಾಗಿಲು ಮುಚ್ಚಿಲ್ಲ, ತೆರೆದೂ ಇಲ್ಲ.

ಇಷ್ಟು ಎಚ್ಚರಿಕೆ ಕುತೂಹಲವನ್ನೇ ಕೊಲ್ಲುತ್ತದೆ, ಗುಣವಾಗದ ರೋಗದವರಿಗೆ ಒಂದಿಷ್ಟು ಆಶೆಯಾದರೂ ಬೇಡವೇ ಎಂದು ಆಕ್ಷೇಪಿಸುವವರುಂಟು. ಆ ಆಕ್ಷೇಪದ ಹಿಂದಿನ ಅನುಕಂಪ ಗೌರವಕ್ಕೆ ಅರ್ಹ. ಆದರೆ ಪುರಾತನ ವೈರಾಣು ಕಾರಣವಾದರೆ ಶ್ರಮ ಅದನ್ನು ಅಡಗಿಸುವ ಔಷಧಕ್ಕೆ ಸಲ್ಲಬೇಕು. ಅದು ಬರೀ ಹೊಗೆಯಾದರೆ ಎಪ್‌ಸ್ಟೈನ್–ಬಾರ್‌ಗೆ ಲಸಿಕೆ ಕಂಡುಹಿಡಿಯಲು ಸಲ್ಲಬೇಕು. ಹಣವೂ ರೋಗಿಯ ಆಯುಷ್ಯವೂ ಮಿತವಾದವು. ತಪ್ಪು ಕಾರಣದ ಬೆಲೆ ಎಷ್ಟೆಂಬುದಕ್ಕೆ ಸರ್ಪಸುತ್ತೇ ಸಾಕ್ಷಿ: ಬೊಕ್ಕೆ ಎದ್ದ 72 ಗಂಟೆಗಳೊಳಗೆ ಆರಂಭಿಸಿದರೆ ಚೆನ್ನಾಗಿ ಫಲಿಸುವ ಔಷಧವಿದ್ದರೂ, ಮಂತ್ರ ಹಾಕಿಸಿ ಕೆಮ್ಮಣ್ಣು ಬಳಿಯುವುದರಲ್ಲಿ ಆ ಮೂರು ದಿನಗಳು ಕಳೆದುಹೋಗುವುದುಂಟು. ಆಮೇಲೆ ತಿಂಗಳುಗಟ್ಟಲೆ ಉಳಿಯುವ ನರದ ನೋವನ್ನು ಅನುಭವಿಸುವವನು ರೋಗಿಯೇ.

ಇಲ್ಲಿ ಭಾಷೆಯ ಹೊಣೆ ಬರುತ್ತದೆ. ‘ಕಂಡುಬಂದಿದೆ’, ‘ಸಂಬಂಧವಿದೆ’, ‘ಉಂಟುಮಾಡುತ್ತದೆ’ ಎಂಬ ಮೂರು ಕನ್ನಡ ಕ್ರಿಯಾಪದಗಳ ತೂಕ ಒಂದೇ ಅಲ್ಲ. ಮೊದಲನೆಯದಕ್ಕೆ ಒಂದು ನೋಟ ಸಾಕು. ಎರಡನೆಯದಕ್ಕೆ ಲೆಕ್ಕ ಬೇಕು. ಮೂರನೆಯದಕ್ಕೆ ಕಾಲಕ್ರಮ, ಹೋಲಿಕೆ, ಪ್ರಯೋಗ ಎಲ್ಲವೂ ಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ವಿಜ್ಞಾನದ ಸುದ್ದಿಯಲ್ಲಿ ಮೊದಲು ಉದುರಿಹೋಗುವುದು ‘ಬಹುದು’ ಎಂಬ ಪ್ರತ್ಯಯ. ಗಡಿನಾಡಿನ ಮನೆಗಳಲ್ಲಿ ಇದು ಇನ್ನೂ ಹೆಚ್ಚಿನ ಮಾತು: ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ಕಚೇರಿಯ ತಿಳಿವಳಿಕೆಪತ್ರ ಆ ರಾಜ್ಯದ ಭಾಷೆಯಲ್ಲಿ, ಕಾಯಿಲೆಯನ್ನು ಅರ್ಥಮಾಡಿಕೊಳ್ಳಲು ಹಿರಿಯರಿಗೆ ಉಳಿಯುವುದು ಓದಲು ಬಲ್ಲ ಕನ್ನಡವೊಂದೇ. ಆ ಕನ್ನಡ ಒಂದು ಪ್ರತ್ಯಯವನ್ನು ಕೈಬಿಟ್ಟರೆ ಅದನ್ನು ತಿದ್ದಲು ಮತ್ತೊಂದು ಆಕರ ಅವರ ಕೈಯಲ್ಲಿರುವುದಿಲ್ಲ. ಕನ್ನಡವನ್ನು ಶಾಸ್ತ್ರವಾಗಿ ಕಲಿಯುವ ವಿದ್ಯಾರ್ಥಿ ವಿಜ್ಞಾನಕ್ಕೆ ಸಲ್ಲಿಸಬಹುದಾದ ಮೊದಲ ಸೇವೆ ಆ ಪ್ರತ್ಯಯವನ್ನು ಅದರ ಸ್ಥಾನದಲ್ಲಿ ಉಳಿಸುವುದು.