ಮೊಬೈಲ್ ಟಾರ್ಚ್‌ನಿಂದ ಗೋಡೆಯ ಮೇಲೆ ಸಿನಿಮಾ ಬರುತ್ತದೆಯೇ? ಮನೆಯ ಪ್ರೊಜೆಕ್ಟರ್ ಜೋಡಣೆಯ ಸುತ್ತ ಹರಿದಾಡುವ ಮಾತುಗಳು ಮತ್ತು ಸತ್ಯ

ಕ್ರಿಕೆಟ್ ಸೀಸನ್ ಬಂತೆಂದರೆ, ಹಬ್ಬದ ಆನ್‌ಲೈನ್ ಮಾರಾಟ ಶುರುವಾಯಿತೆಂದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಪ್ರೊಜೆಕ್ಟರ್ ವಿಷಯವೂ ಓಡಾಡಲು ಶುರುವಾಗುತ್ತದೆ. ಈ ಆ್ಯಪ್ ಹಾಕಿದರೆ ಫೋನೇ ಪ್ರೊಜೆಕ್ಟರ್, ಯಾವ ಟೈಪ್-ಸಿ ಫೋನಾದರೂ ಒಂದೇ ಕೇಬಲ್ ಸಾಕು, ಚಿನ್ನದ ಲೇಪನದ ಕೇಬಲ್ ಹಾಕಿದರೆ ಚಿತ್ರ ಫಳಫಳ ಎಂಬಂತಹ ಮಾತುಗಳು ಇವು. ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ಸತ್ಯ. ನಂಬಿದರೆ ಒಂದೋ ಹಣ ಹೋಗುತ್ತದೆ, ಇಲ್ಲವೇ ಫೋನಿನಲ್ಲಿರುವ ಬ್ಯಾಂಕ್ ಖಾತೆಯೇ ಅಪಾಯಕ್ಕೆ ಸಿಲುಕಬಹುದು. ಹಾಗಾಗಿ ಒಂದೊಂದಾಗಿ ನೋಡೋಣ.

ಆ್ಯಪ್ ಹಾಕಿದರೆ ಫೋನ್ ಪ್ರೊಜೆಕ್ಟರ್ ಆಗುತ್ತದೆಯೇ?

ಇಲ್ಲ. ಪ್ರೊಜೆಕ್ಟರ್‌ಗೆ ಮೂರು ಭಾಗಗಳು ಬೇಕೇ ಬೇಕು: ಪ್ರಖರ ಬೆಳಕು, ಆ ಬೆಳಕಿನ ದಾರಿಯಲ್ಲಿ ಚಿತ್ರವನ್ನು ರೂಪಿಸುವ ಪುಟ್ಟ ಫಲಕ ಮತ್ತು ಅದನ್ನು ದೊಡ್ಡದು ಮಾಡಿ ಗೋಡೆಗೆ ಹಾಯಿಸುವ ಲೆನ್ಸ್. ಫೋನಿನ ಟಾರ್ಚ್‌ನಲ್ಲಿ ಇರುವುದು ಬೆಳಕು ಮಾತ್ರ. ಚಿತ್ರ ರೂಪಿಸುವ ಫಲಕವೇ ಇಲ್ಲದ ಮೇಲೆ ಯಾವ ಆ್ಯಪ್ ಹಾಕಿದರೂ ಗೋಡೆಯ ಮೇಲೆ ಕಾಣುವುದು ಬಿಳಿ ಬೆಳಕಷ್ಟೇ.

ಪ್ರೊಜೆಕ್ಟರ್ ಇರುವ ಫೋನ್‌ಗಳು ಬಂದಿದ್ದವು ಎಂಬುದು ನಿಜ. 2012ರಲ್ಲಿ ಸ್ಯಾಮ್‌ಸಂಗ್ ತೋರಿಸಿದ ಗ್ಯಾಲಕ್ಸಿ ಬೀಮ್ ಅಂಥದ್ದು. ಆದರೆ ಅದರಲ್ಲಿ ಪ್ರತ್ಯೇಕ ಪ್ರೊಜೆಕ್ಟರ್ ಯಂತ್ರವನ್ನೇ ಕೂರಿಸಲಾಗಿತ್ತು. ಆಗಲೂ ಅದರ ಬೆಳಕು 15 ಲುಮೆನ್ ಮಾತ್ರ.

ಹಾಗಾದರೆ ಆ್ಯಪ್ ಸ್ಟೋರ್‌ನಲ್ಲಿ ಪ್ರೊಜೆಕ್ಟರ್ ಹೆಸರಿನ ಆ್ಯಪ್‌ಗಳು ಏಕಿವೆ? ಕೆಲವು ಫೋನಿನ ಪರದೆಯನ್ನು ಟಿವಿಗೆ ಕಳಿಸುವ ಸಾಮಾನ್ಯ ಆ್ಯಪ್‌ಗಳು. ಇನ್ನು ಕೆಲವು ತಮಾಷೆಯವು, ವಿವರಣೆಯ ಕೊನೆಯಲ್ಲಿ ಹಾಗೆಂದು ಬರೆದಿರುತ್ತದೆ. ನಿಜವಾದ ಅಪಾಯ ಇರುವುದು ಫಾರ್ವರ್ಡ್‌ನ ಲಿಂಕ್ ಒತ್ತಿ ಇಳಿಸಿಕೊಳ್ಳುವ ಎಪಿಕೆ ಫೈಲ್‌ಗಳಲ್ಲಿ. ಚಿತ್ರ ತೋರಿಸುವ ಆ್ಯಪ್‌ಗೆ ನಿಮ್ಮ ಎಸ್ಎಂಎಸ್ ಓದುವ ಅನುಮತಿ ಬೇಕಿಲ್ಲ. ಕೇಳಿದರೆ ಅನುಮಾನಿಸಿ. ಎಸ್ಎಂಎಸ್ ಓದಬಲ್ಲ ಆ್ಯಪ್ ಒಟಿಪಿಯನ್ನೂ ಓದಬಲ್ಲದು.

ಟೈಪ್-ಸಿ ಇದ್ದರೆ ಸಾಕೇ?

ಸಾಲದು. ಟೈಪ್-ಸಿ ಎಂಬುದು ಕಿಂಡಿಯ ಆಕಾರದ ಹೆಸರು. ಅದರೊಳಗೆ ಏನೇನು ಹರಿಯುತ್ತದೆ ಎಂಬುದು ಫೋನಿನಿಂದ ಫೋನಿಗೆ ಬೇರೆ. ಕೇಬಲ್ ಮೂಲಕ ವಿಡಿಯೊ ಹೊರಬರಬೇಕಾದರೆ ಸಾಮಾನ್ಯವಾಗಿ ಫೋನಿನಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎಂಬ ಸೌಲಭ್ಯ ಇರಬೇಕು. ಸ್ಯಾಮ್‌ಸಂಗ್‌ನ ಎಸ್ ಸರಣಿಯ ದುಬಾರಿ ಫೋನ್‌ಗಳಲ್ಲಿ, 2023ರ ಐಫೋನ್ 15ರಲ್ಲಿ ಇದು ಇದೆ. ಕಡಿಮೆ ಬೆಲೆಯ ಹೆಚ್ಚಿನ ಫೋನ್‌ಗಳಲ್ಲಿ ಇಲ್ಲ. ಇಲ್ಲದ ಫೋನಿಗೆ ಎಷ್ಟೇ ಒಳ್ಳೆಯ ಟೈಪ್-ಸಿ ಇಂದ ಎಚ್‌ಡಿಎಂಐ ಕೇಬಲ್ ಹಾಕಿದರೂ ಚಿತ್ರ ಬರುವುದಿಲ್ಲ. ಕೇಬಲ್ ಕೊಳ್ಳುವ ಮೊದಲು ತಯಾರಕರ ಜಾಲತಾಣದಲ್ಲಿ ನಿಮ್ಮ ಮಾಡೆಲ್‌ನ ವಿವರ ನೋಡಿ.

ಪ್ರೊಜೆಕ್ಟರ್ ಹಿಂದಿರುವ ಯುಎಸ್‌ಬಿ ಕಿಂಡಿಯೂ ಇಂಥದ್ದೇ ಗೊಂದಲ. ಹೆಚ್ಚಾಗಿ ಅದು ಪೆನ್ ಡ್ರೈವ್‌ಗಾಗಿ ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ರಿಪೇರಿಯವರ ಬಳಕೆಗಷ್ಟೇ.

ವೈರ್ ಇಲ್ಲದೆ ಜೋಡಿಸಬಹುದೇ?

ಜೋಡಿಸಬಹುದು. ಆದರೆ ಎರಡು ವಿಧಾನಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ಮಿರರಿಂಗ್. ಫೋನಿನ ಪರದೆ ಹೇಗಿದೆಯೋ ಹಾಗೇ ಗೋಡೆಯ ಮೇಲೆ ಕಾಣುತ್ತದೆ. ವೈಫೈ ಅಲಯನ್ಸ್ 2012ರಲ್ಲಿ ತಂದ ಮಿರಾಕಾಸ್ಟ್ ಈ ಬಗೆಯದು. ಇದಕ್ಕೆ ಇಂಟರ್ನೆಟ್ ಬೇಕಿಲ್ಲ, ಎರಡು ಸಾಧನಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಐಫೋನ್‌ನಲ್ಲಿ ಮಿರಾಕಾಸ್ಟ್ ಇಲ್ಲ, ಅದರದು ಏರ್‌ಪ್ಲೇ.

ಎರಡನೆಯದು ಕಾಸ್ಟಿಂಗ್. 2013ರಲ್ಲಿ ಬಂದ ಕ್ರೋಮ್‌ಕಾಸ್ಟ್ ಇದನ್ನು ಜನಪ್ರಿಯಗೊಳಿಸಿತು. ಇಲ್ಲಿ ಫೋನ್ ರಿಮೋಟ್ ಇದ್ದ ಹಾಗೆ. ವಿಡಿಯೊವನ್ನು ಪ್ರೊಜೆಕ್ಟರ್‌ಗೆ ಜೋಡಿಸಿದ ಸಾಧನವೇ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ಹಾಗಾಗಿ ಫೋನ್ ಬ್ಯಾಟರಿ ಬೇಗ ಇಳಿಯುವುದಿಲ್ಲ, ನಡುವೆ ಕರೆ ಬಂದರೂ ಸಿನಿಮಾ ನಿಲ್ಲುವುದಿಲ್ಲ.

ಯೂಟ್ಯೂಬ್ ಬರುತ್ತದೆ, ಒಟಿಟಿ ಹಾಕಿದರೆ ಪರದೆ ಕಪ್ಪು!

ಪ್ರೊಜೆಕ್ಟರ್ ಕೆಟ್ಟಿದೆ ಎಂದು ಹಿಂದಿರುಗಿಸಲು ಹೋಗಬೇಡಿ. ಇದು ನಕಲು ತಡೆಯುವ ವ್ಯವಸ್ಥೆ. ಹಲವು ಒಟಿಟಿ ಆ್ಯಪ್‌ಗಳು ಸ್ಕ್ರೀನ್‌ಶಾಟ್ ಮತ್ತು ಮಿರರಿಂಗ್ ತಡೆಯುತ್ತವೆ. ಧ್ವನಿ ಬಂದರೂ ಚಿತ್ರ ಕಪ್ಪಾಗುತ್ತದೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಇದೇ ಕೆಲಸ ಮಾಡುವುದು ಎಚ್‌ಡಿಸಿಪಿ. ವಿಡಿಯೊ ಕಳಿಸುವ ಸಾಧನ, ನಡುವಿನ ಸ್ಪ್ಲಿಟರ್, ಪ್ರೊಜೆಕ್ಟರ್ ಮೂರೂ ಇದನ್ನು ಒಪ್ಪಬೇಕು. 4ಕೆ ಸಿನಿಮಾಕ್ಕೆ ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಬೇಕು. ಒಂದು ಕೊಂಡಿ ಹಳೆಯದಾದರೂ ಚಿತ್ರದ ಗುಣಮಟ್ಟ ಇಳಿಯುತ್ತದೆ ಅಥವಾ ಬರುವುದೇ ಇಲ್ಲ.

ಇದಕ್ಕೆ ‘ಅನ್‌ಲಾಕ್’ ಮಾಡುವ ಆ್ಯಪ್ ಹುಡುಕುವುದು ಮತ್ತೆ ಎಪಿಕೆ ಅಪಾಯಕ್ಕೇ ದಾರಿ. ಕಾಸ್ಟಿಂಗ್ ಬಳಸಿ, ಇಲ್ಲವೇ ಒಟಿಟಿ ಆ್ಯಪ್‌ಗಳಿಗೆ ಅಧಿಕೃತ ಬೆಂಬಲವಿರುವ ಸ್ಟ್ರೀಮಿಂಗ್ ಸ್ಟಿಕ್ ಹಾಕಿ.

ಚಿನ್ನದ ಲೇಪನದ ಕೇಬಲ್‌ನಿಂದ ಚಿತ್ರ ಚೆನ್ನಾಗಿ ಬರುತ್ತದೆಯೇ?

ಬಣ್ಣವಾಗಲಿ, ಸ್ಪಷ್ಟತೆಯಾಗಲಿ ಹೆಚ್ಚುವುದಿಲ್ಲ. 2002ರಲ್ಲಿ ಮೊದಲ ಆವೃತ್ತಿ ಕಂಡ ಎಚ್‌ಡಿಎಂಐ ಡಿಜಿಟಲ್ ತಂತ್ರಜ್ಞಾನ. ಮಾಹಿತಿ ಸರಿಯಾಗಿ ತಲುಪಿದರೆ ಅಗ್ಗದ ಕೇಬಲ್‌ನಲ್ಲೂ ದುಬಾರಿ ಕೇಬಲ್‌ನಲ್ಲೂ ಒಂದೇ ಚಿತ್ರ. ತಲುಪದಿದ್ದರೆ ಚುಕ್ಕೆ, ಮಿನುಗು, ಇಲ್ಲವೇ ಖಾಲಿ ಪರದೆ. ಚಿನ್ನದ ಲೇಪನ ತುಕ್ಕು ತಡೆಯುತ್ತದೆ, ಅಷ್ಟೇ.

ನೋಡಬೇಕಾದದ್ದು ಕೇಬಲ್‌ನ ಸಾಮರ್ಥ್ಯ ಮತ್ತು ಉದ್ದ. 4ಕೆ ಚಿತ್ರವನ್ನು ಸೆಕೆಂಡಿಗೆ 60 ಫ್ರೇಮ್‌ನಂತೆ ಕಳಿಸಲು 18 ಜಿಬಿಪಿಎಸ್ ಸಾಮರ್ಥ್ಯದ ‘ಪ್ರೀಮಿಯಂ ಹೈ ಸ್ಪೀಡ್’ ಕೇಬಲ್ ಬೇಕು. ಪ್ರೊಜೆಕ್ಟರ್ ಛಾವಣಿಯಲ್ಲಿ, ಸೆಟ್‌ಟಾಪ್ ಬಾಕ್ಸ್ ಎದುರು ಗೋಡೆಯಲ್ಲಿ ಇದ್ದರೆ 10 ಮೀಟರ್ ಕೇಬಲ್ ಬೇಕಾಗಬಹುದು. ಅಷ್ಟು ಉದ್ದದಲ್ಲಿ ಸಾಮಾನ್ಯ ತಾಮ್ರದ ಕೇಬಲ್ 4ಕೆಗೆ ಕೈಕೊಡಬಹುದು. ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಇರುವುದು ಇಂಥ ಕಡೆಗೆ. ಗೋಡೆಯೊಳಗೆ ಹೂಳುವ ಮೊದಲು ಒಮ್ಮೆ ಜೋಡಿಸಿ ನೋಡುವುದು ಒಳ್ಳೆಯದು.

‘4ಕೆ ಸಪೋರ್ಟ್’ ಎಂದರೆ 4ಕೆ ಚಿತ್ರವೇ?

ಹಲವು ಸಲ ಅಲ್ಲ. 4ಕೆ ವಿಡಿಯೊವನ್ನು ಸ್ವೀಕರಿಸುತ್ತದೆ ಎಂದಷ್ಟೇ ಇದರ ಅರ್ಥ. ಸ್ವೀಕರಿಸಿದ್ದನ್ನು ತನ್ನ ಫಲಕದ ಅಳತೆಗೆ ಇಳಿಸಿ ತೋರಿಸುತ್ತದೆ. ಪೆಟ್ಟಿಗೆಯ ಮೇಲೆ ‘ನೇಟಿವ್ ರೆಸಲ್ಯೂಷನ್’ ಎಷ್ಟೆಂದು ಹುಡುಕಿ. 1280x720 ಎಂದಿದ್ದರೆ ಸುಮಾರು 9 ಲಕ್ಷ ಪಿಕ್ಸೆಲ್. 1920x1080 ಎಂದಿದ್ದರೆ ಸುಮಾರು 20 ಲಕ್ಷ. 3840x2160, ಅಂದರೆ ಪೂರ್ತಿ 4ಕೆಯಲ್ಲಿ ಸುಮಾರು 83 ಲಕ್ಷ.

ಬೆಳಕಿನ ಲೆಕ್ಕದಲ್ಲೂ ಇದೇ ಆಟ. ಬರೀ ‘ಲುಮೆನ್’ ಎಂದು ಬರೆದ ಸಾವಿರಗಳ ಸಂಖ್ಯೆಗಳನ್ನು ಪಕ್ಕದ ಪ್ರೊಜೆಕ್ಟರ್‌ನೊಂದಿಗೆ ಹೋಲಿಸಲಾಗದು. ನಿಗದಿತ ವಿಧಾನದಲ್ಲಿ ಅಳೆದ ‘ಆನ್ಸಿ ಲುಮೆನ್’ ನೋಡಿ. ಚಿತ್ರವನ್ನು 50 ಇಂಚಿನಿಂದ 100 ಇಂಚಿಗೆ ಹಿಗ್ಗಿಸಿದರೆ ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಹಗಲು ಕಿಟಕಿ ತೆರೆದು ಮ್ಯಾಚ್ ನೋಡಬೇಕೆಂದವರಿಗೆ ಇದು ಮುಖ್ಯ.

ಜೋಡಿಸುವಾಗ ಎದುರಾಗುವ ಸಣ್ಣ ತೊಂದರೆಗಳು

* ಸ್ಟ್ರೀಮಿಂಗ್ ಸ್ಟಿಕ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದ್ದರೆ ಪ್ರೊಜೆಕ್ಟರ್‌ನ ಯುಎಸ್‌ಬಿಯಿಂದ ಸಾಕಷ್ಟು ವಿದ್ಯುತ್ ಸಿಗದಿರಬಹುದು. ಅದರ ಜೊತೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್‌ಗೆ ಹಾಕಿ.
* ಕೆಂಪು, ಬಿಳಿ, ಹಳದಿ ಪಿನ್ ಮಾತ್ರ ಇರುವ ಹಳೆಯ ಸೆಟ್‌ಟಾಪ್ ಬಾಕ್ಸ್‌ಗೆ ಎಚ್‌ಡಿಎಂಐ ಕನ್ವರ್ಟರ್ ಹಾಕಬಹುದು. ಚಿತ್ರ ಬರುತ್ತದೆ, ಆದರೆ ಎಚ್‌ಡಿ ಆಗುವುದಿಲ್ಲ.
* ಬ್ಲೂಟೂತ್ ಸ್ಪೀಕರ್‌ನಲ್ಲಿ ತುಟಿ ಚಲನೆಗೂ ಮಾತಿಗೂ ಹೊಂದಿಕೆ ತಪ್ಪಿದರೆ ವೈರ್ ಬಳಸಿ. ಬ್ಲೂಟೂತ್‌ನಲ್ಲಿ ಧ್ವನಿ ತುಸು ತಡವಾಗಿ ತಲುಪುತ್ತದೆ.
* ಕೇಬಲ್ ಹಾಕುವಾಗ, ತೆಗೆಯುವಾಗ ಎರಡೂ ಸಾಧನಗಳ ಸ್ವಿಚ್ ಆರಿಸಿ. ಅರ್ತಿಂಗ್ ಸರಿಯಿಲ್ಲದ ಮನೆಗಳಲ್ಲಿ ಇದು ಇನ್ನೂ ಅಗತ್ಯ.

ಒಟ್ಟಾರೆ ಹೇಳುವುದಾದರೆ

ಫೋನಿನ ಟಾರ್ಚ್ ಪ್ರೊಜೆಕ್ಟರ್ ಆಗುವುದಿಲ್ಲ, ಎಲ್ಲ ಟೈಪ್-ಸಿ ಫೋನ್‌ಗಳೂ ಕೇಬಲ್ ಮೂಲಕ ವಿಡಿಯೊ ಕಳಿಸುವುದಿಲ್ಲ, ‘ಸಪೋರ್ಟ್’ ಎಂಬ ಪದ ಗುಣಮಟ್ಟದ ಭರವಸೆಯಲ್ಲ. ಇಂತಹ ಫಾರ್ವರ್ಡ್ ಬಂದಾಗ ಅದರಲ್ಲಿ ಎಪಿಕೆ ಲಿಂಕ್ ಇದ್ದರೆ ಮುಂದೆ ಕಳಿಸಬೇಡಿ. ಗ್ರೂಪ್‌ನಲ್ಲಿ ಯಾರಾದರೂ ಈಗಾಗಲೇ ಅದನ್ನು ಹಾಕಿಕೊಂಡಿದ್ದರೆ ಕೂಡಲೇ ಇಂಟರ್ನೆಟ್ ಆಫ್ ಮಾಡಿ, ಆ್ಯಪ್ ತೆಗೆದುಹಾಕಿ, ಬೇರೊಂದು ಫೋನ್‌ನಿಂದ ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬದಲಿಸಲು ಹೇಳಿ. ಹಣ ಕಡಿತವಾಗಿದ್ದರೆ ತಡಮಾಡದೆ ಬ್ಯಾಂಕ್‌ಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.