ತಿಳಿಯದ ನುಡಿಯ ಹಾಡು

ಕಮ್ಮನಹಳ್ಳಿಯಲ್ಲಿ ವಾಸಿಸತಕ್ಕವರಿಗೆ ಪರಭಾಷೆ ಕಿವಿಗೆ ಬೀಳುವುದು ಹೊಸದಲ್ಲ. ತರಕಾರಿಯ ಅಂಗಡಿಯ ಮುಂದೆ ಗಳಿಗೆ ಹೊತ್ತು ನಿಂತರೆ ತಮಿಳು, ಮಲೆಯಾಳ, ಈಶಾನ್ಯ ಪ್ರಾಂತದವರ ನುಡಿ, ಆಫ್ರಿಕದಿಂದ ಓದಲು ಬಂದ ಹುಡುಗರ ಮಾತು, ಎಲ್ಲವೂ ಒಟ್ಟಿಗೆ ಕೇಳಿಸುತ್ತವೆ. ಆದರೆ ಅರ್ಥವಾಗದ ಮಾತನ್ನು ಸಹಿಸುವುದು ಬೇರೆ, ಅರ್ಥವಾಗದ ಹಾಡನ್ನು ಒಪ್ಪುವುದು ಬೇರೆ. ಈ ತಿಂಗಳ ನಮ್ಮ ಮಾತು ಎರಡನೆಯದನ್ನು ಕುರಿತದ್ದು.

ಬೆಂಗಳೂರಿನಲ್ಲಿ ೨೦೧೦ರಲ್ಲಿ ‘ಪರ್ವಾಜ್’ ಎಂಬ ಹೆಸರಿನ ವಾದ್ಯಮೇಳವೊಂದು ಹುಟ್ಟಿತು. ಆ ಪಾರಸಿ ಶಬ್ದಕ್ಕೆ ಹಾರಾಟವೆಂದು ಅರ್ಥ. ಹಾಡುವ ಖಾಲಿದ್ ಅಹಮದ್, ಗಿಟಾರ್ ನುಡಿಸುತ್ತಿದ್ದ ಕಾಶಿಫ್ ಇಕ್ಬಾಲ್ ಇಬ್ಬರೂ ಕಾಶ್ಮೀರದ ಕಡೆಯವರು. ಮೇಳದ ಮದ್ದಳೆಗಾರರೆನ್ನಬಹುದಾದವರು ಸಚಿನ್ ಬಾನಂದೂರು. ಮಂದ್ರದ ಗಿಟಾರು ಫಿಡೆಲ್ ಡಿಸೋಜರದು. ಹಾಡುಗಳು ಉರ್ದುವಿನಲ್ಲಿಯೂ ಕಾಶ್ಮೀರಿಯಲ್ಲಿಯೂ ಇವೆ. ೨೦೧೨ರಲ್ಲಿ ‘ಬೇಹೋಶ್’, ೨೦೧೪ರಲ್ಲಿ ‘ಬಾರಾನ್’, ೨೦೧೯ರಲ್ಲಿ ‘ಕುನ್’ ಎಂಬ ಧ್ವನಿಮುದ್ರಿಕೆಗಳು ಬಂದವು. ಚಲನಚಿತ್ರದವರ ಆಶ್ರಯವಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಹೊರತರತಕ್ಕ ಇಂಥವರನ್ನು ಈಗಿನವರು ‘ಇಂಡಿ’ ಎಂದು ಕರೆಯುತ್ತಾರೆ. ಸ್ವತಂತ್ರರು ಎಂದರೆ ನಮಗೆ ಸಾಕು.

ಇವರ ವಿಷಯವಾಗಿ ಇಂಗ್ಲಿಷ್ ಪತ್ರಿಕೆಗಳು ಮೊದಲಿನಿಂದಲೂ ಆದರದಿಂದಲೇ ಬರೆದುವು. ಆದರೆ ಆ ಬರಹಗಳಲ್ಲಿ ನಾವು ಕಂಡವು ಬಹುಮಟ್ಟಿಗೆ ಎರಡೇ ದಾರಿ ಹಿಡಿದಿವೆ. ಒಂದು, ‘ಸೈಕೆಡೆಲಿಕ್’ ಎಂದು ಹಣೆಪಟ್ಟಿ ಕಟ್ಟಿ, ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಮೇಳದ ಹೆಸರನ್ನು ಪಕ್ಕದಲ್ಲಿ ನಿಲ್ಲಿಸುವುದು. ಇನ್ನೊಂದು, ಕಾಶ್ಮೀರವನ್ನು ನೆನೆದು ನಿಟ್ಟುಸಿರಿಡುವುದು.

ಆ ಹಣೆಪಟ್ಟಿಯ ಚರಿತ್ರೆಯನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. ೧೯೫೬ರಲ್ಲಿ ಹಂಫ್ರಿ ಆಸ್ಮಂಡ್ ಎಂಬ ವೈದ್ಯನು ಗ್ರಂಥಕರ್ತ ಆಲ್ಡಸ್ ಹಕ್ಸ್ಲಿಗೆ ಬರೆದ ಕಾಗದದಲ್ಲಿ ಗ್ರೀಕಿನ ಎರಡು ಶಬ್ದಗಳನ್ನು ಕೂಡಿಸಿ ಇದನ್ನು ಕಲ್ಪಿಸಿದನು. ಮನಸ್ಸನ್ನು ಪ್ರಕಟಗೊಳಿಸತಕ್ಕದ್ದು ಎಂದು ಅರ್ಥ. ಆತನು ಹೇಳಿದ್ದು ಭ್ರಮೆ ಹುಟ್ಟಿಸುವ ಔಷಧಗಳನ್ನು ಕುರಿತು. ಅನಂತರ ಶಬ್ದವು ಸಂಗೀತಕ್ಕೆ ಅಂಟಿಕೊಂಡಿತು: ಪ್ರತಿಧ್ವನಿಯಿಂದ ಹಿಗ್ಗಿಸಿದ ತಂತಿಯ ನಾದ, ಒಂದೇ ಆಧಾರಸ್ವರದ ಮೇಲೆ ನಿಧಾನವಾಗಿ ಬೆಳೆಯುವ ಆಲಾಪ, ಕಾಲದ ಪರಿವೆಯನ್ನು ಮರೆಸುವ ದೀರ್ಘತೆ. ಮಾದಕದ್ರವ್ಯವು ಶಬ್ದದ ಹುಟ್ಟಿನಲ್ಲಿದ್ದ ಮಾತ್ರಕ್ಕೆ ನಾದದಲ್ಲಿಯೂ ಇದೆಯೆಂದು ಹೆದರಬೇಕಾದುದಿಲ್ಲ. ತಂಬೂರಿಯ ಶ್ರುತಿಯಲ್ಲಿ ಕಣ್ಣುಮುಚ್ಚಿ ಕುಳಿತವರು ಯಾವ ಗುಳಿಗೆಯನ್ನು ನುಂಗಿದ್ದರು?

ಹೊಸದನ್ನು ಅಳೆಯುವಾಗ ಪಂಡಿತರು ತಡವರಿಸುವುದು ಎಲ್ಲೆಲ್ಲಿಯೂ ಉಂಟು. ಬೀಟಲ್ಸ್ ಮೇಳದವರು ೧೯೬೭ರಲ್ಲಿ ‘ಸಾರ್ಜೆಂಟ್ ಪೆಪ್ಪರ್’ ಮುದ್ರಿಕೆಯನ್ನು ಹೊರತಂದಾಗ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ರಿಚರ್ಡ್ ಗೋಲ್ಡ್‌ಸ್ಟೀನ್ ಎಂಬ ವಿಮರ್ಶಕನು ಅದನ್ನು ಬೆಡಗಿನ ಹುಸಿಯೆಂದು ತೆಗಳಿದನು. ವಾಚಕರ ಕೋಪಕ್ಕೆ ಗುರಿಯಾದನು. ಹೊಗಳಿದವರ ಕಥೆ ಇನ್ನೂ ಸೊಗಸು. ೧೯೬೩ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ವಿಲಿಯಂ ಮ್ಯಾನ್ ಅದೇ ಮೇಳದ ಒಂದು ಹಾಡಿನಲ್ಲಿ ‘ಏಯೋಲಿಯನ್ ಕೇಡೆನ್ಸ್’ ಎಂಬ ಶಾಸ್ತ್ರೀಯ ಲಕ್ಷಣವನ್ನು ಕಂಡುಹಿಡಿದನು. ಅದೇನೆಂಬುದು ತನಗೆ ತಿಳಿಯದು, ಯಾವುದೋ ಪರದೇಶದ ಹಕ್ಕಿಗಳ ಹೆಸರಿನಂತಿದೆ ಎಂದು ಹಾಡು ಕಟ್ಟಿದ ಲೆನನ್ ವರ್ಷಗಳ ಮೇಲೆ ಹೇಳಿದನಂತೆ.

ಇರಲಿ. ಎರಡನೆಯ ದಾರಿಯೇ ನಮ್ಮ ಮನಸ್ಸಿಗೆ ಹೆಚ್ಚು ಹತ್ತಿದ್ದು. ಕಾವ್ಯಮೀಮಾಂಸೆಯ ಎರಡು ಶಿಖರಗಳು, ಒಂಬತ್ತನೆಯ ಶತಮಾನದ ಆನಂದವರ್ಧನನೂ ಅವನ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನೂ, ಕಾಶ್ಮೀರದವರೇ. ರಸಾಸ್ವಾದಕ್ಕೆ ಏಳು ವಿಘ್ನಗಳುಂಟೆಂದು ಅಭಿನವಗುಪ್ತನು ಹೇಳುತ್ತಾನೆ. ಕಂಡದ್ದನ್ನು ತನ್ನದೆಂದೋ ಪರರದೆಂದೋ ಗುರುತಿಸಿ, ಒಂದು ದೇಶಕ್ಕೂ ಒಂದು ಕಾಲಕ್ಕೂ ಕಟ್ಟಿಹಾಕಿ ಅದರಲ್ಲೇ ಮುಳುಗುವುದು ಅವುಗಳಲ್ಲಿ ಒಂದು. ಹಾಡುಗಾರನು ಕಾಶ್ಮೀರದವನೆಂದು ತಿಳಿದೊಡನೆ ಪ್ರತಿಯೊಂದು ಹಾಡಿನಲ್ಲಿಯೂ ಆ ನಾಡಿನ ದುಃಖವನ್ನೇ ಹುಡುಕುವ ವಿಮರ್ಶಕನಿಗೆ ಈ ವಿಘ್ನವು ಪೂರ್ಣವಾಗಿ ತಗುಲಿದೆ. ‘ಬಾರಾನ್’ ಎಂದರೆ ಮಳೆ. ಮಳೆಯ ಹಾಡು ಮಳೆಯ ಹಾಡಾಗಿರಲು ಆ ಹುಡುಗರಿಗೆ ಅಧಿಕಾರವಿಲ್ಲವೆ?

ಕನ್ನಡದ ಪುಟಗಳಲ್ಲಂತೂ ಇವರ ಹೆಸರು ನಮಗೆ ಕಂಡದ್ದೇ ಅಪರೂಪ. ೨೦೦೮ರಲ್ಲಿ ಮೊದಲ ಮುದ್ರಿಕೆ ತಂದ ರಘು ದೀಕ್ಷಿತರು ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಏರಿಸಿದರು. ಅವರನ್ನು ನಮ್ಮವರೆಂದು ಅಪ್ಪಿಕೊಂಡೆವು, ಸರಿಯೇ. ಪರ್ವಾಜ್ ಹುಟ್ಟಿದ್ದೂ ಬೆಳೆದದ್ದೂ ಇದೇ ಊರಿನಲ್ಲಿ. ಭಾಷೆ ಬೇರೆಯೆಂಬ ಕಾರಣವನ್ನು ಹೇಳುವವರು ತಮ್ಮ ಮನೆಯ ವಾಡಿಕೆಯನ್ನೇ ನೋಡಿಕೊಳ್ಳಲಿ. ತೆಲುಗು ಬಾರದ ಎಷ್ಟು ಮಂದಿ ತ್ಯಾಗರಾಜರ ಕೃತಿಗೆ ಕಣ್ಣೀರಿಡುವುದಿಲ್ಲ! ವಾಚಕವಲ್ಲದ ಗೀತಶಬ್ದದಿಂದಲೂ ರಸದ ಅರಿವುಂಟಾಗುವುದು ಕಂಡದ್ದೇ ಎಂಬ ಮಾತನ್ನು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಎತ್ತಿದ್ದಾನೆ. ಸಂಸ್ಕೃತವಿಲ್ಲದವರು ತೀ. ನಂ. ಶ್ರೀಕಂಠಯ್ಯನವರು ೧೯೫೩ರಲ್ಲಿ ಪ್ರಕಟಿಸಿದ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಧ್ವನಿಯ ವಿಚಾರವನ್ನು ಓದಿಕೊಳ್ಳಬಹುದು. ಮೇಲಾಗಿ ಕಾಶ್ಮೀರದಿಂದ ಕವಿಯೊಬ್ಬನು ನಮ್ಮಲ್ಲಿಗೆ ಬಂದುದು ಇದೇ ಮೊದಲೇನೂ ಅಲ್ಲ. ಬಿಲ್ಹಣನು ದೇಶವೆಲ್ಲ ಅಲೆದು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯೆಂಬ ಪದವಿಯನ್ನು ಪಡೆದನು.

ಹಾಗೆಂದು ಮೆಚ್ಚಿಕೆಯನ್ನು ದಾನವಾಗಿ ಕೊಡಿರೆಂದು ನಾವು ಹೇಳುವುದಿಲ್ಲ. ‘ಬಾರಾನ್’ ಅನ್ನು ಪೂರ್ತಿಯಾಗಿ ಕೇಳಿದೆವು. ಖಾಲಿದರ ಕಂಠದಲ್ಲಿ ಏರುವ ಶಕ್ತಿಯೂ ಇಳಿದು ನಿಲ್ಲುವ ಸಂಯಮವೂ ಉಂಟು. ಮಾತು ಮುಗಿದ ಮೇಲೆ ವಾದ್ಯವು ಅದರ ಶೇಷವನ್ನು ಹಿಡಿದುಕೊಂಡು ಹೋಗುವ ಬಗೆಯು ಮನೋಹರವಾಗಿದೆ. ಆದರೆ ವಿಸ್ತಾರವು ಕೆಲವೆಡೆ ಅತಿಯಾಗಿದೆ. ಚರ್ಮವಾದ್ಯದ ಅಬ್ಬರದಲ್ಲಿ ನವುರಾದ ತಂತಿ ಮುಳುಗುವುದೂ ಉಂಟು. ಹೀಗೆ ಇದು ಒಪ್ಪಿತು, ಇದು ಒಪ್ಪಲಿಲ್ಲ ಎಂದು ಸ್ಥಳ ತೋರಿಸಿ ಹೇಳುವವರು ಹೊಸ ಮೇಳದವರಿಗೆ ಬೇಕು. ನುಡಿಸಲು ಜಾಗವೂ ಬೇಕು. ಇಂದಿರಾನಗರದಲ್ಲಿ ಇಂಥ ಮೇಳಗಳಿಗೆ ವೇದಿಕೆಯಾಗಿದ್ದ ‘ಹಮ್ಮಿಂಗ್ ಟ್ರೀ’ ೨೦೧೯ರಲ್ಲಿ ಬಾಗಿಲು ಮುಚ್ಚಿತು. ಕೇಳುವವರೂ ಇಲ್ಲ, ಬೈಯುವವರೂ ಇಲ್ಲವೆಂದಾದರೆ ಹುಡುಗರು ವಾದ್ಯವನ್ನು ಮಾರಿ ಬೇರೆ ಉದ್ಯೋಗ ಹಿಡಿಯುತ್ತಾರೆ.

ನಮ್ಮ ಬಡಾವಣೆಯಲ್ಲಿ ಮಹಡಿಯನ್ನು ಬಾಡಿಗೆಗೆ ಕೊಡುವಾಗ ಗಿಟಾರಿನ ಚೀಲವನ್ನು ಕಂಡೊಡನೆ ಮನೆ ಖಾಲಿಯಿಲ್ಲವೆನ್ನುವ ಯಜಮಾನರು ಇದ್ದಾರೆ. ರಾತ್ರಿ ಒಂಬತ್ತರ ಮೇಲೆ ಬೇಡವೆನ್ನುವ ಹಕ್ಕು ಅವರಿಗೆ ಪೂರ್ಣವಾಗಿ ಉಂಟು. ಒಂಬತ್ತರ ಒಳಗೆ ಒಂದು ದಿನ ಮೇಲೆ ಹತ್ತಿಹೋಗಿ, ಏನಪ್ಪ ನುಡಿಸುತ್ತಿದ್ದೀಯೆ, ಇನ್ನೊಂದು ಸಲ ನುಡಿಸು, ಎಂದು ಕೇಳಿ ನೋಡಲಿ.